ಎರಡು ತೂತಿನ ಎಲುಬು ನೋಡಲು ಆರು ದಿನ

ಮೊದಲನೇ ದಿನ: ಸ್ಟುಟ್‌ಗಾರ್ಟ್‌ನಿಂದ ಲ್ಯೂಬ್ಲಿಯಾನಾಗೆ

ಅಪ್ಪ ಬಳ್ಳಾರಿಯಿಂದ ಬಂದು ಎರಡು ತಿಂಗಳಾಗಿತ್ತು. ನಮ್ಮ ಮನೆ ಸುತ್ತಲಿನ ಪಾರ್ಕುಗಳ ಬೆಂಚುಗಳೆಲ್ಲ ಅವರಿಗೆ ಪರಿಚಯವಾಗಿ, "ಇನ್ನೇನಪ, ಊರಿಗೆ ಹೊರಡೋಣು" ಅನ್ನುವ ಮಾತು ದಿನಕ್ಕೆ ಎರಡು ಸಲ ಬರತೊಡಗಿತ್ತು. ಮಗಳಿಗೆ ಶಾಲೆ, ಹೆಂಡತಿಗೆ ಆಫೀಸು, ಅಮ್ಮನಿಗೆ ಮಂಡಿನೋವು. ಹಾಗಾಗಿ ಹೊರಟವರು ನಾವಿಬ್ಬರೇ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು. ಸಂಜೆಯಾದರೆ ಕೊಳಲು. ಅಂಗಡಿಯ ಕೊಳಲು ಅವರಿಗೆ ಹಿಡಿಸುವುದಿಲ್ಲ. ಬಿದಿರು ತರಿಸಿ, ನೆರಳಲ್ಲಿ ಒಣಗಿಸಿ, ಕಬ್ಬಿಣದ ಸರಳು ಕಾಯಿಸಿ ತಾವೇ ತೂತು ಸುಡುತ್ತಾರೆ. ಒಂದು ರಾತ್ರಿ ಊಟದ ಹೊತ್ತಿಗೆ ನಾನು ಹೇಳಿದ್ದೆ: ಸ್ಲೊವೇನಿಯಾದ ಒಂದು ಗುಹೆಯಲ್ಲಿ ಕರಡಿಮರಿಯ ತೊಡೆ ಎಲುಬು ಸಿಕ್ಕಿದೆ, ಅದರಲ್ಲಿ ಸಾಲಾಗಿ ಎರಡು ದುಂಡನೆ ತೂತು. ಅದು ನಿಯಾಂಡರ್ಥಲ್ ಮನುಷ್ಯ, ಅಂದರೆ ಈಗ ಅಳಿದುಹೋಗಿರುವ ನಮ್ಮ ದಾಯಾದಿ ಜಾತಿಯ ಮನುಷ್ಯ ಮಾಡಿದ ಕೊಳಲು, ಜಗತ್ತಿನಲ್ಲೇ ಹಳೆಯದು ಅನ್ನುತ್ತಾರೆ ಕೆಲವರು. ಯಾವುದೋ ಪ್ರಾಣಿ ಕಚ್ಚಿದ್ದು ಅನ್ನುತ್ತಾರೆ ಉಳಿದವರು.

"ಊದಿ ನೋಡಿದ್ರೆ ಗೊತ್ತಾಗಲ್ಲೇನು?"

"ಅಷ್ಟು ಸುಲಭ ಇದ್ದಿದ್ರೆ ಮೂವತ್ತು ವರ್ಷ ಜಗಳ ಆಡ್ತಿದ್ರಾ ಅಪ್ಪಾ?"

"ಹಂಗಾದ್ರೆ ಹೋಗಿ ನೋಡಿಬಿಡೋಣ."

ಷೆಂಗೆನ್ ವೀಸಾ ಇದ್ದುದರಿಂದ ಬೇರೆ ಕಾಗದಪತ್ರದ ಗೋಜಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಹೊರಟು ಉಲ್ಮ್, ಮ್ಯೂನಿಕ್, ಸಾಲ್ಸ್‌ಬುರ್ಗ್ ದಾಟಿ ಆಲ್ಪ್ಸ್ ಹೊಕ್ಕೆವು. ಉಲ್ಮ್ ಹತ್ತಿರ ಬ್ಲಾವ್‌ಬೊಯ್‌ರೆನ್ ಎಂಬ ಊರಿದೆ, ಅಲ್ಲೂ ಹಳೆಯ ಕೊಳಲುಗಳಿವೆ. ಬರುವಾಗ ನೋಡಿದರಾಯಿತು ಎಂದು ಬಿಟ್ಟೆ. ಆಸ್ಟ್ರಿಯಾ ಗಡಿಯ ಕಾರವಾಂಕೆನ್ ಸುರಂಗ ಸುಮಾರು ಎಂಟು ಕಿಲೋಮೀಟರ್. ಆಚೆ ಬಾಯಿಗೆ ಬಂದರೆ ಸ್ಲೊವೇನಿಯಾ. ಅಪ್ಪ ಕಣ್ಣು ಕಿರಿದು ಮಾಡಿ, "ಇದೂ ಒಂದು ಗುಹೇನೇ" ಅಂದು ಮತ್ತೆ ನಿದ್ದೆಹೋದರು.

ಎರಡನೇ ದಿನ: ವಸ್ತುಸಂಗ್ರಹಾಲಯದಲ್ಲಿ

ಲ್ಯೂಬ್ಲಿಯಾನಾ ಪುಟ್ಟ ರಾಜಧಾನಿ. ನಡುವೆ ನದಿ, ಮೇಲೆ ಕೋಟೆ. ಮುಖ್ಯವಾದದ್ದನ್ನೆಲ್ಲ ಕಾಲ್ನಡಿಗೆಯಲ್ಲೇ ಮುಗಿಸಬಹುದು. ಸ್ಲೊವೇನಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹತ್ತೊಂಬತ್ತನೇ ಶತಮಾನದ ಒಂದು ಗಂಭೀರ ಕಟ್ಟಡದಲ್ಲಿದೆ. ನಾನು ನೇರ ಎಲುಬಿನ ಹತ್ತಿರ ಹೋಗುವ ಆತುರದಲ್ಲಿದ್ದರೆ, ಅಪ್ಪ ವಾಚೆ ಎಂಬ ಊರಿನಲ್ಲಿ ಸಿಕ್ಕ ಕಂಚಿನ ಬೋಗುಣಿಯ ಮುಂದೆ ನಿಂತುಬಿಟ್ಟರು. ಕ್ರಿಸ್ತಪೂರ್ವದ ಕಬ್ಬಿಣಯುಗದ ಸಾಮಾನು ಅದು, ಮೈತುಂಬ ಉಬ್ಬುಚಿತ್ರ: ಕುದುರೆಗಳು, ಔತಣ, ಮುಷ್ಟಿಯುದ್ಧ. ಅದರ ನಡುವೆ ಕೊಳವೆಗಳನ್ನು ಸಾಲಾಗಿ ಕಟ್ಟಿದ ವಾದ್ಯವನ್ನು ತುಟಿಗೆ ಹಿಡಿದು ಕೂತ ಒಬ್ಬ.

"ಇವನ ಮೇಲೆ ಯಾರೂ ಜಗಳ ಮಾಡಂಗಿಲ್ಲ ನೋಡು. ಊದ್ತಾ ಕೂತಾನೆ," ಅಂದರು.

ಎಲುಬಿಗೆ ಅದರದೇ ಒಂದು ಗಾಜಿನ ಪೆಟ್ಟಿಗೆ, ಮಂದ ಬೆಳಕು. ನಾನು ಮನಸ್ಸಿನಲ್ಲಿ ಇನ್ನೂ ದೊಡ್ಡದನ್ನು ಕಲ್ಪಿಸಿಕೊಂಡಿದ್ದೆ. ನನ್ನ ಅಂಗೈಯಲ್ಲಿ ಅಡಗುವಷ್ಟಿತ್ತು, ಹನ್ನೊಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಗುಹಾಕರಡಿ ಎಂಬ ಈಗ ಅಳಿದುಹೋದ ಜಾತಿಯ, ಒಂದೆರಡು ವರ್ಷದ ಮರಿಯ ಎಡ ತೊಡೆಯ ಎಲುಬು, ಎರಡೂ ತುದಿ ಇಲ್ಲ. ಮಧ್ಯದಲ್ಲಿ ಎರಡು ತೂತು ಪೂರ್ತಿ. ಒಡೆದ ತುದಿಗಳಲ್ಲಿ ಅರ್ಧಚಂದ್ರದ ಹಾಗೆ ಕಚ್ಚುಗಳಿವೆ. ಅವೂ ಒಂದು ಕಾಲಕ್ಕೆ ತೂತುಗಳೇ ಆಗಿದ್ದವು, ಎಲುಬು ಮುರಿದಾಗ ಅರ್ಧ ಉಳಿದವು ಅನ್ನುವುದು ಕೊಳಲಿನ ಪಕ್ಷದವರ ಎಣಿಕೆ. ಎಲುಬಿನ ಬಣ್ಣ ಹಳೇ ಚಹಾ ಕಲೆಯ ಹಾಗೆ. ಫಲಕದಲ್ಲಿ ಅನುಮಾನದ ಸುಳಿವೇ ಇಲ್ಲ: ನಿಯಾಂಡರ್ಥಲ್ ಕೊಳಲು, ಅರವತ್ತು ಸಾವಿರ ವರ್ಷ. ಪಕ್ಕದಲ್ಲಿ ಪ್ರತಿಕೃತಿಯ ಮೇಲೆ ನುಡಿಸಿದ ಸಂಗೀತ ಮೆಲ್ಲಗೆ ಕೇಳುತ್ತಿತ್ತು. ನನಗೆ, ಹೇಳಿಬಿಡುತ್ತೇನೆ, ಮೈ ಜುಮ್ಮೆಂದಿತು. ಕೊಳಲೇ ಆಗಿರಲಿ ಅನ್ನಿಸಿತು.

ಅಪ್ಪ ಮಾತಾಡಲಿಲ್ಲ. ಪೆಟ್ಟಿಗೆಯನ್ನು ಮೂರು ಸುತ್ತು ಹಾಕಿದರು, ಬಗ್ಗಿ ನೋಡಿದರು, ಕನ್ನಡಕ ಬದಲಿಸಿ ಮತ್ತೆ ನೋಡಿದರು. ಕಾವಲಿನ ಹೆಂಗಸು ಎರಡು ಹೆಜ್ಜೆ ಹತ್ತಿರ ಬಂದಳು.

ಹೊರಗೆ ಬಂದು ಕಾಫಿ ಮುಂದೆ ಕೂತಾಗ ನಾನು ಓದಿಕೊಂಡು ಬಂದದ್ದನ್ನೆಲ್ಲ ಹರಡಿದೆ. ಎಲುಬು ಸಿಕ್ಕಿದ್ದು 1995ರಲ್ಲಿ, ದಿವ್ಯೆ ಬಾಬೆ ಎಂಬ ಗುಹೆಯಲ್ಲಿ. ಅಗೆತದ ಮುಂದಾಳು ಇವಾನ್ ಟುರ್ಕ್. ಮೊದಮೊದಲು ಅದಕ್ಕೆ ಸುಮಾರು 43,000 ವರ್ಷ ಅಂದುಕೊಂಡಿದ್ದರು. ಆಮೇಲೆ ಬೇರೆ ವಿಧಾನದಲ್ಲಿ ಪದರದ ಕಾಲ ಕಟ್ಟಿ 50,000ದಿಂದ 60,000 ಅಂದರು. ಅಷ್ಟು ಹಿಂದೆ ಯೂರೋಪಿನ ಈ ಭಾಗದಲ್ಲಿ ನಮ್ಮಂಥ ಮನುಷ್ಯರು ಇನ್ನೂ ಬಂದಿರಲಿಲ್ಲ, ಇದ್ದವರು ನಿಯಾಂಡರ್ಥಲರು. ಅಲ್ಲಿಗೆ ಕಥೆ ಕೊಳಲಿನದಷ್ಟೇ ಆಗಿ ಉಳಿಯಲಿಲ್ಲ. ಮಂದಬುದ್ಧಿಯವರು ಎಂದು ನಾವು ನೂರು ವರ್ಷ ಹೀಯಾಳಿಸಿದ ಜನ ನಮಗಿಂತ ಮೊದಲೇ ಸಂಗೀತ ಮಾಡಿದ್ದರೇ ಎಂಬ ಪ್ರಶ್ನೆಯಾಯಿತು. ಇನ್ನೊಂದು ಮಾತೂ ನನ್ನ ತಲೆಯಲ್ಲಿತ್ತು. ಸ್ಲೊವೇನಿಯಾ ಸ್ವತಂತ್ರವಾದದ್ದು 1991ರಲ್ಲಿ. ನಾಲ್ಕು ವರ್ಷದ ಕೂಸು ದೇಶಕ್ಕೆ ಜಗತ್ತಿನ ಅತಿ ಹಳೆಯ ವಾದ್ಯ ಸಿಕ್ಕರೆ ಯಾರು ತಾನೇ ಬಿಟ್ಟುಕೊಡುತ್ತಾರೆ?

ಬಿಟ್ಟುಕೊಡಿ ಅಂದವರು ಬೇಗ ಬಂದರು. 1998ರಲ್ಲಿ ಪುರಾತತ್ವಜ್ಞ ಫ್ರಾಂಚೆಸ್ಕೊ ಡೆರಿಕೊ ಮತ್ತು ಸಂಗಡಿಗರು, ಮನುಷ್ಯರ ಸುಳಿವೇ ಇಲ್ಲದ ಕರಡಿಗುಹೆಗಳ ಎಲುಬುಗಳಲ್ಲೂ ಇಂಥವೇ ದುಂಡನೆ ತೂತುಗಳಿವೆ ಎಂದು ತೋರಿಸಿದರು. ಅದೇ ವರ್ಷ ಫಿಲಿಪ್ ಚೇಸ್, ಏಪ್ರಿಲ್ ನೊವೆಲ್ ಇಬ್ಬರೂ ಎಲುಬಿನ ಮೇಲಿನ ಗುರುತುಗಳೆಲ್ಲ ಮಾಂಸಾಹಾರಿ ಪ್ರಾಣಿ ಕಡಿದದ್ದಕ್ಕೆ ಹೊಂದುತ್ತವೆ ಎಂದು ಬರೆದರು. 2015ರಲ್ಲಿ ಜರ್ಮನಿಯ ಕಾಯುಸ್ ಡೀಡ್ರಿಶ್ ಎಂಬಾತ ನೇರವಾಗಿ ಕತ್ತೆಕಿರುಬದ ಹೆಸರನ್ನೇ ಹೇಳಿದ. ಟುರ್ಕ್ ಸುಮ್ಮನಿರುವವರಲ್ಲ. ತೋಳ, ಕರಡಿ, ಕತ್ತೆಕಿರುಬಗಳ ಹಲ್ಲಿನ ಲೋಹದ ಅಚ್ಚು ಮಾಡಿಸಿ ಈಗಿನ ಕರಡಿಗಳ ಹಸಿ ಎಲುಬಿನ ಮೇಲೆ ಒತ್ತಿ ನೋಡಿದರು. ಚೂಪಾದ ಕಲ್ಲಿನಿಂದ ಕುಟ್ಟಿ ತೂತು ಮಾಡಿ ನೋಡಿದರು. ಕಲ್ಲಿನಿಂದ ಬಂದ ತೂತೇ ಗುಹೆಯ ತೂತಿಗೆ ಹೆಚ್ಚು ಹೋಲುತ್ತದೆ ಎಂಬುದು ಅವರ ವಾದ. ಎಲುಬನ್ನು ಸಿ.ಟಿ. ಸ್ಕ್ಯಾನ್ ಕೂಡ ಮಾಡಿಸಿದ್ದಾರೆ, ಪಾಪ, ಸತ್ತು ಇಷ್ಟು ವರ್ಷದ ಮೇಲೆ.

ಸ್ಲೊವೇನಿಯಾದೊಳಗೂ ಒಮ್ಮತವಿಲ್ಲ. ಟುರ್ಕ್‌ಗಿಂತ ಮುಂಚೆ ಇದೇ ಗುಹೆಯನ್ನು ಅಗೆದಿದ್ದ ಮಿತಿಯಾ ಬ್ರೊದಾರ್, ಇದು ಕೊಳಲು ಹೌದು, ಆದರೆ ನಿಯಾಂಡರ್ಥಲರದಲ್ಲ ಎಂದು ಮೂರನೇ ದಾರಿ ಹಿಡಿದರು.

ಅಪ್ಪ ಎಲ್ಲ ಕೇಳಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು. "ನಮ್ಮ ಓಣಿ ಮಟನ್ ಅಂಗಡಿ ಹಿಂದಿನ ನಾಯಿಗಳನ್ನ ನೋಡಿಯೇನು? ಎಲುಬು ಸಿಕ್ಕರೆ ಮೊದಲು ಎರಡೂ ಗಂಟು ತಿಂತಾವೆ. ಅಲ್ಲೇ ಮೆತ್ತಗೆ ಇರೋದು, ರುಚಿ ಇರೋದು. ಉಳಿಯೋದು ನಡುವಿನ ಕೊಳವೆ. ಅಂದರೆ ಕೊಳವೆ ಮಾಡಿದ್ದು ಯಾರು ಅಂತ ಕೇಳೋ ಹಂಗೇ ಇಲ್ಲ. ಕೇಳಬೇಕಾದ್ದು ತೂತು ಮಾಡಿದ್ದು ಯಾರು ಅಂತ."

ನಮ್ಮಲ್ಲಿ ಅಪ್ಪನೇ ಕೊಳಲಿನ ಪರ ನಿಲ್ಲುತ್ತಾರೆ, ನಾನು ಅನುಮಾನಿಸುತ್ತೇನೆ ಅಂದುಕೊಂಡು ಹೊರಟಿದ್ದೆ. ಒಂದೇ ದಿನದಲ್ಲಿ ಅದು ತಿರುವುಮುರುವಾಯಿತು.

ಮೂರನೇ ದಿನ: ಪಾದರಸದ ಊರು, ಬೀಗ ಹಾಕಿದ ಗುಹೆ

ಲ್ಯೂಬ್ಲಿಯಾನಾದಿಂದ ಪಶ್ಚಿಮಕ್ಕೆ ಹೊರಟರೆ ಗುಡ್ಡ ಕಾಡುಗಳ ನಡುವೆ ಇದ್ರಿಯಾ ಸಿಗುತ್ತದೆ. ಐನೂರು ವರ್ಷ ಪಾದರಸ ತೆಗೆದ ಊರು. ಸ್ಪೇನಿನ ಅಲ್ಮಾದೆನ್ ಬಿಟ್ಟರೆ ಜಗತ್ತಿನಲ್ಲಿ ಇದೇ ದೊಡ್ಡ ಪಾದರಸದ ಗಣಿಯಾಗಿತ್ತು. 2012ರಲ್ಲಿ ಯುನೆಸ್ಕೊ ಎರಡನ್ನೂ ಸೇರಿಸಿ ವಿಶ್ವಪರಂಪರೆ ಪಟ್ಟಿಗೆ ಹಾಕಿತು. ಬಳ್ಳಾರಿಯವರಿಗೆ ಗಣಿಯೂರು ಅಂದರೆ ಕೆಂಧೂಳು. ಇಲ್ಲಿ ಕಿಟಕಿಗಳಲ್ಲಿ ಲೇಸಿನ ಪರದೆ, ಹೂಕುಂಡ. ಅಪ್ಪನಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಈ ಊರಿನ ಹೆಮ್ಮೆಯ ತಿನಿಸು ಝ್ಲಿಕ್ರೋಫಿ. ಹಿಟ್ಟಿನ ಒಳಗೆ ಆಲೂಗಡ್ಡೆ ಹೂರಣ ಇಟ್ಟು ಮಡಚಿ ಬೇಯಿಸಿದ ಪುಟ್ಟ ಕಡುಬು. ಆಲೂಗಡ್ಡೆ ತಾನೇ ಎಂದು ತರಿಸಿದೆ. ಬಾಯಿಗಿಡುವ ಮುಂಚೆ ಅಪ್ಪ ಕೇಳಿಸಿದ್ದು ಒಳ್ಳೆಯದಾಯಿತು, ಹೂರಣಕ್ಕೆ ಹಂದಿಕೊಬ್ಬು ಹಾಕುತ್ತಾರೆ. ನಮ್ಮದು ಲಿಂಗಾಯತರ ಮನೆ. ನಾನೇನೋ ಹೊರಗೆ ಬಂದ ಮೇಲೆ ಸಡಿಲಾಗಿದ್ದೇನೆ, ಅಪ್ಪ ಬ್ರೆಡ್ಡು ಗಿಣ್ಣಿನಲ್ಲೇ ಊಟ ಮುಗಿಸಿದರು.

ಅಲ್ಲಿಂದ ಇದ್ರಿಯ್ತ್ಸಾ ನದಿಯ ಜೊತೆಜೊತೆಗೇ ರಸ್ತೆ. ನೀರು ಹಸಿರು ಗಾಜು. ತ್ಸೆರ್ಕ್ನೊ ಕಡೆಯ ಈ ಕಣಿವೆಯಲ್ಲಿ, ನದಿಯಿಂದ 230 ಮೀಟರ್ ಮೇಲೆ, ಕಡಿದಾದ ಇಳಿಜಾರಿನಲ್ಲಿ ಗುಹೆ. ದಿವ್ಯೆ ಬಾಬೆ ಅಂದರೆ ಕಾಡುಹೆಂಗಸರು ಎಂದರ್ಥ. ಮೇಲಿನ ಪ್ರಸ್ಥಭೂಮಿಯ ಊರು ಶೆಬ್ರೆಲ್ಯೆ. ಅದರ ಅಂಚಿನಲ್ಲಿ ಹಳೆಯ ಚರ್ಚು, ಅಲ್ಲಿಂದ ಕೆಳಗೆ ಕಾಲುದಾರಿ. ನಾವು ಮಧ್ಯಾಹ್ನದ ಬಿಸಿಲಲ್ಲಿ ಇಳಿದು, ಬೆವೆತು, ಗುಹೆ ಬಾಯಿಗೆ ಹೋದರೆ ಬೀಗ. ಮಾರ್ಗದರ್ಶಿಯ ಜೊತೆಗಷ್ಟೇ ಪ್ರವೇಶ, ಮೊದಲೇ ಹೇಳಿಟ್ಟಿರಬೇಕು. ತಪ್ಪು ನನ್ನದೇ, ಪುಟದ ಮೇಲಿನ ಅರ್ಧ ಓದಿ ಹೊರಟಿದ್ದೆ. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಮೇಲೆ ಹತ್ತುವಾಗ ಹತ್ತು ಹೆಜ್ಜೆಗೊಮ್ಮೆ ನಿಂತರು. ಚರ್ಚಿನ ಕಟ್ಟೆ ಮೇಲೆ ಕೂತು ಫೋನು ಹಚ್ಚಿ, ಬೇಡಿಕೊಂಡು, ಮರುದಿನ ಬೆಳಿಗ್ಗೆ ಹೋಗುವ ಒಂದು ಗುಂಪಿಗೆ ಸೇರಿಕೊಂಡೆವು.

ನಾಲ್ಕನೇ ದಿನ: ಕಾಡುಹೆಂಗಸರ ಗುಹೆ

ಗುಂಪಿನಲ್ಲಿ ಒಟ್ಟು ಒಂಬತ್ತು ಮಂದಿ. ಮಾರ್ಗದರ್ಶಿ ಇಪ್ಪತ್ತೈದರ ಹುಡುಗಿ, ಇಂಗ್ಲಿಷು ಸ್ಪಷ್ಟ, ಮಾತಿನಲ್ಲಿ ಆಟ. ಬೀಗ ತೆಗೆದು ಒಳಗೆ ಬಿಟ್ಟಳು. ಗುಹೆ ನಲವತ್ತೈದು ಮೀಟರ್ ಉದ್ದ, ಅಗಲ ಹೆಚ್ಚೆಂದರೆ ಹದಿನೈದು. ಹೊರಗೆ ಜೂನ್ ತಿಂಗಳ ಸೆಕೆ, ಒಳಗೆ ಸ್ವೆಟರ್ ಬೇಕು. ಅಪ್ಪ ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡರು.

ಕೂದಲೆಳೆಯಷ್ಟೂ ಆಡಂಬರವಿಲ್ಲದ ಗುಹೆ. ಸುಣ್ಣದ ಜುಮಕಿ, ಬಣ್ಣದ ದೀಪ ಏನೂ ಇಲ್ಲ. ಅಗೆದ ಗೋಡೆಗಳು, ಪದರದ ಮೇಲೆ ಪದರ. ಬ್ರೊದಾರ್ ಇಲ್ಲಿ ಅಗೆಯಲು ಶುರುಮಾಡಿದ್ದು 1978ರಲ್ಲಿ, ಟುರ್ಕ್ ತಂಡ 1989ರಿಂದ ಹತ್ತು ವರ್ಷ. ಸಿಕ್ಕ ಎಲುಬುಗಳಲ್ಲಿ ಬಹುಪಾಲು ಗುಹಾಕರಡಿಯದು. ಚಳಿಗಾಲದಲ್ಲಿ ಮಲಗಲು ಬರುತ್ತಿದ್ದವು. ಮುದಿಯವು, ಮರಿಗಳು, ಬೇಸಿಗೆಯಲ್ಲಿ ಸಾಕಷ್ಟು ಕೊಬ್ಬು ಕಟ್ಟಿಕೊಳ್ಳದವು ನಿದ್ದೆಯಲ್ಲೇ ಹೋಗಿಬಿಡುತ್ತಿದ್ದವು. ಸಾವಿರಾರು ವರ್ಷ ಹೀಗೆ ನಡೆದರೆ ನೆಲವೇ ಎಲುಬಾಗುತ್ತದೆ. ನಮ್ಮ ದರೋಜಿ ಕಾಡಿನ ಕರಡಿಗಳನ್ನು ಗೋಪುರದ ಮೇಲಿಂದ ನೋಡಿದ ನೆನಪು ತೆಗೆದು ಅಪ್ಪ ಕೇಳಿದರು, ಎಷ್ಟು ದೊಡ್ಡದಿತ್ತು ಇದು? ನಮ್ಮ ಕರಡಿಯ ಮೂರು ನಾಲ್ಕು ಪಟ್ಟು ತೂಕ ಎಂದು ನಾನು ಅಂದಾಜಿಸಿದೆ. "ಹಂಗಾದ್ರೆ ಅದು ಮಲಗಿದಾಗ ನಿಯಾಂಡರ್ಥಲ್ ಹೊರಗೆ, ಅದು ಎದ್ದು ಹೋದಾಗ ಇವನು ಒಳಗೆ. ಬಾಡಿಗೆ ಮನೆ ಲೆಕ್ಕ." ಹುಡುಗಿಗೆ ಅನುವಾದಿಸಿದೆ. ಹೆಚ್ಚುಕಡಿಮೆ ಹಾಗೇ, ಅಂದಳು. ಕಲ್ಲಿನ ಉಪಕರಣಗಳು, ಒಲೆಯ ಗುರುತುಗಳು ಇಲ್ಲಿ ಸಿಕ್ಕಿವೆ, ಮನುಷ್ಯರು ಬಂದುಹೋದದ್ದರಲ್ಲಿ ಯಾರಿಗೂ ಅನುಮಾನವಿಲ್ಲ.

ಎಲುಬು ಸಿಕ್ಕ ಜಾಗ ತೋರಿಸಿದಳು. ಗಟ್ಟಿಯಾಗಿ ಬೆಸೆದುಕೊಂಡ ಪದರ, ಎಂಟನೆಯದು. ಅಲ್ಲಿ ನಿಂತು ಚೀಲದಿಂದ ಒಂದು ಪ್ರತಿಕೃತಿ ತೆಗೆದಳು. ಕತೆ ಶುರುವಾಯಿತು.

ಲ್ಯೂಬ್ಲಿಯಾನಾದ ಒಪೆರಾದಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಲ್ಯೂಬೆನ್ ದಿಮ್ಕಾರೊಸ್ಕಿ ಎಂಬುವರು ಇದರ ಹುಚ್ಚು ಹಿಡಿಸಿಕೊಂಡು ಪ್ರತಿಕೃತಿಗಳ ಮೇಲೆ ಪ್ರತಿಕೃತಿ ಮಾಡಿದರು. ಅವರಿಗೆ ಮುಂಚೆ ಊದಿದವರೆಲ್ಲ ತಪ್ಪು ತುದಿಯಿಂದ ಊದುತ್ತಿದ್ದರಂತೆ. ಇವರು ಎಲುಬನ್ನು ತಿರುಗಿಸಿ, ಇನ್ನೊಂದು ತುದಿಯ ಚೂಪಾದ ಅಂಚಿಗೆ ಉಸಿರು ಒಡೆಯುವಂತೆ ಹಿಡಿದರು. ದನಿ ಹೊರಟಿತು. ಎರಡೂವರೆ ಸ್ಥಾಯಿಯವರೆಗೆ ಹೊರಟಿತು. ಅಲ್ಬಿನೋನಿಯ ಹೆಸರಿನಲ್ಲಿರುವ ಅಡಾಜಿಯೊ ಎಂಬ ಪಾಶ್ಚಾತ್ಯ ಸಂಗೀತದ ವಿಲಂಬಿತ ಕೃತಿಯನ್ನೇ ನುಡಿಸಿಬಿಟ್ಟರು. ಅವರು 2016ರಲ್ಲಿ ತೀರಿಕೊಂಡರು.

ಯಾರಾದರೂ ಊದುತ್ತೀರಾ ಅಂದಳು ಹುಡುಗಿ. ಡಚ್ ಗಂಡಹೆಂಡಿರು ಊದಿದರು, ಬರೀ ಗಾಳಿ. ನಾನು ಊದಿದೆ, ಗಾಳಿಯ ಜೊತೆ ಎಂಜಲು. ನಾನು ಅಪ್ಪನ ಕಡೆ ನೋಡಿದೆ.

"ಎಲುಬೇನೋ ಇದು?"

"ಅಲ್ಲಪ್ಪಾ, ಪ್ಲಾಸ್ಟಿಕ್ಕು."

"ಖರೇ ಹೇಳು."

"ಖರೇನೇ."

ಅಂಗಿ ತುದಿಯಿಂದ ಒರೆಸಿ ಬಾಯಿಗಿಟ್ಟುಕೊಂಡರು. ಅಡ್ಡ ಕೊಳಲಿನ ಕೈ ಅದು, ಉದ್ದಕ್ಕೆ ಹಿಡಿಯಲು ಸ್ವಲ್ಪ ಹೊತ್ತು ತಡವರಿಸಿತು. ನಾಲ್ಕನೆಯದೋ ಐದನೆಯದೋ ಉಸಿರಿಗೆ ತೆಳ್ಳನೆಯ, ಒಣಗಿದ ದನಿಯೊಂದು ಬಂತು. ಅದು ಗುಹೆಯಲ್ಲಿ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಹತ್ತಿರ ನಿಂತಿತು. ಬೆರಳು ಎತ್ತಿ ಇಳಿಸಿದರು. ಅಂಗೈಯಿಂದ ಕೆಳತುದಿ ಮುಚ್ಚಿ ತೆರೆದರು. ತುಟಿ ಓರೆ ಮಾಡಿದರು. ಐದು ನಿಮಿಷದಲ್ಲಿ ಆ ಎರಡು ತೂತಿನ ಕೊಳವೆ ಸ ರಿ ಗ ಅಂದಿತು, ಆಮೇಲೆ ಗಮಕ ಕೂಡ ಬಂತು. ಡಚ್ ಹೆಂಗಸು ಚಪ್ಪಾಳೆ ತಟ್ಟಿದಳು. ನನ್ನ ಗಂಟಲು ಕಟ್ಟಿತ್ತು. ಆಯಿತಲ್ಲ, ಇನ್ನೇನು ಬೇಕು ಪುರಾವೆ?

ಅಪ್ಪ ಅದನ್ನು ಹುಡುಗಿಯ ಕೈಗೆ ವಾಪಸು ಕೊಟ್ಟು ನನ್ನ ಕಡೆ ತಿರುಗಿದರು. "ನಾನು ಐವತ್ತು ವರ್ಷದಿಂದ ಊದ್ತಾ ಇದೀನಿ. ಪೆನ್ನಿನ ಮುಚ್ಚಳ ಕೊಟ್ಟರೂ ಸರಿಗಮ ತೆಗೀತೀನಿ. ಆ ಟ್ರಂಪೆಟ್ ಸ್ವಾಮಿನೂ ಅಷ್ಟೇ. ಇದು ಬರ್ತೈತೆ ಅಂತ ಗೊತ್ತಾತು. ಅವನು ಊದಿದ್ದ ಅಂತ ಗೊತ್ತಾಗ್ಲಿಲ್ಲ."

ಮೇಲೆ ಹತ್ತಿ ಚರ್ಚಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಹೆಂಡತಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಾನು ಬಿಡಲಿಲ್ಲ. 1997ರಲ್ಲಿ ಕೆನಡಾದ ಬಾಬ್ ಫಿಂಕ್ ಈ ತೂತುಗಳ ನಡುವಿನ ಅಂತರದಲ್ಲಿ ಪಾಶ್ಚಾತ್ಯ ಏಳು ಸ್ವರದ ಶ್ರೇಣಿಯೇ ಅಡಗಿದೆ ಎಂದು ಲೆಕ್ಕ ಹಾಕಿದ್ದನ್ನು ಹೇಳಿದೆ. ಅದು ಕೂಡಬೇಕಾದರೆ ಎಲುಬು ಈಗಿರುವುದಕ್ಕಿಂತ ಬಹಳ ಉದ್ದ ಇರಬೇಕು, ಕರಡಿಮರಿಯ ತೊಡೆ ಅಷ್ಟು ಉದ್ದ ಇರುವುದಿಲ್ಲ ಎಂದು ಎದುರಾಳಿಗಳು ತಳ್ಳಿಹಾಕಿದ್ದನ್ನೂ ಹೇಳಿದೆ. ಅಪ್ಪನಿಗೆ ಆ ಆಕ್ಷೇಪಣೆಯೂ ಬೇಕಾಗಿರಲಿಲ್ಲ. ತೂತಿನ ಅಂತರದಿಂದ ಸ್ವರ ಕಟ್ಟುವುದಿಲ್ಲ, ಅಂದರು. ಬಿದಿರಿನ ಒಳಸುತ್ತು, ಗೋಡೆಯ ದಪ್ಪ, ತೂತಿನ ಅಗಲ, ಎಲ್ಲ ಸೇರಬೇಕು. ಅದಕ್ಕೇ ಕೊಳಲು ಮಾಡುವವರು ಮೊದಲು ಊದುವ ತೂತು ಮಾಡಿ, ಆಮೇಲೆ ಒಂದೊಂದನ್ನೇ ಚಿಕ್ಕದಾಗಿ ಸುಟ್ಟು, ಊದಿ, ಶ್ರುತಿ ಬರುವವರೆಗೆ ಅರದಿಂದ ತೀಡಿ ದೊಡ್ಡದು ಮಾಡುತ್ತಾರೆ. ಅವರು ಗಾಜಿನ ಪೆಟ್ಟಿಗೆಯ ಮುಂದೆ ಮೂರು ಸುತ್ತು ಹಾಕಿ ಹುಡುಕಿದ್ದು ಅದನ್ನೇ: ತೀಡಿದ ಗುರುತು, ಬೆರಳಿಟ್ಟು ಇಟ್ಟು ನುಣುಪಾದ ಅಂಚು. ಅವರ ಹಳೆಯ ಕೊಳಲುಗಳ ತೂತಿನ ಸುತ್ತ ಬಿದಿರು ಹೊಳೆಯುತ್ತದೆ. ಆದರೆ ಮಣ್ಣು, ನೀರು ಸೇರಿ ಈ ಎಲುಬಿನ ಮೈ ಸವೆಸಿಬಿಟ್ಟಿವೆ. ಹೊಳಪು ಇದ್ದಿದ್ದರೂ ಹೋಗಿದೆ, ಇರದಿದ್ದರೂ ಹೀಗೇ ಕಾಣುತ್ತದೆ.

ನನ್ನ ವಾದವೂ ಒಂದಿದೆ, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಪ್ರಾಣಿಯೇ ಕಚ್ಚಿತು ಅಂತಿಟ್ಟುಕೊಳ್ಳಿ. ಹಲ್ಲಿಗೆ ಎರಡು ದವಡೆ. ಮೇಲಿನ ಕೋರೆ ಇಷ್ಟು ಅಚ್ಚುಕಟ್ಟಾಗಿ ಇಳಿದರೆ ಕೆಳಗಿನದು ಎದುರು ಬದಿಯಲ್ಲಿ ಸರಿಯಾದ ಗುರುತು ಬಿಡಬೇಕಲ್ಲ? ಟುರ್ಕ್ ಪಕ್ಷದವರು ಎತ್ತುವ ಪ್ರಶ್ನೆ ಇದೇ. ಮತ್ತೆ, ನಾಯಿ ಮೊದಲು ತಿನ್ನುವುದು ಗಂಟು ಅಂದಮೇಲೆ, ನಡುವಿನ ಗಟ್ಟಿ ಕೊಳವೆಗೆ ಎರಡು ಸಲ ಕೋರೆ ಊರಿ ಸಾಲು ತಪ್ಪದ ಹಾಗೆ ಕಚ್ಚುವ ಪ್ರಾಣಿ ಯಾವುದು? ಅಪ್ಪ ರೊಟ್ಟಿ ಮುರಿಯುತ್ತ ಯೋಚಿಸಿದರು. "ಒಂದು ಎಲುಬು ಆದ್ರೆ ನೀನು ಹೇಳಿದ್ದು ಸರಿ. ಆದರೆ ಆ ಗುಹೇಲಿ ಸಿಕ್ಕಿದ್ದು ಸಾವಿರಾರು. ಅಷ್ಟರಾಗೆ ಒಂದು ಕೊಳಲಿನಂಗೆ ಕಂಡರೆ ಏನಾಶ್ಚರ್ಯ?" ಇಲ್ಲಿ ನಾನು ಸೋತೆ ಅನ್ನುವುದಕ್ಕಿಂತ ಸುಮ್ಮನಾದೆ.

ಆಮೇಲೆ ಅವರೇ ಕಪ್ಪಗಲ್ಲಿನ ಮಾತು ತೆಗೆದರು. ಬಳ್ಳಾರಿಯ ಪಕ್ಕ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆಯಲ್ಲ, ನವಶಿಲಾಯುಗದ ಜನ ಬಾಳಿದ ಜಾಗ. ಗುಡ್ಡದ ಮೇಲಿನ ಕರೀ ಡಾಲರೈಟ್ ಬಂಡೆಗಳ ಮೇಲೆ ದನಗಳ, ಮನುಷ್ಯರ ಕೊರೆದ ಚಿತ್ರಗಳು. ಕೆಲವು ಬಂಡೆಗಳಲ್ಲಿ ಕುಟ್ಟಿ ಕುಟ್ಟಿ ಆದ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಗಂಟೆಯ ಹಾಗೆ ಠಣ್ಣೆನ್ನುತ್ತದೆ. ಅಪ್ಪ ಹುಡುಗರಾಗಿದ್ದಾಗ ಸೈಕಲ್ ತುಳಿದುಕೊಂಡು ಹೋಗಿ ಬಾರಿಸುತ್ತಿದ್ದರಂತೆ. ನಿಕೋಲ್ ಬೊಯ್‌ವಿನ್ ಎಂಬ ಪುರಾತತ್ವಜ್ಞೆ 2004ರಲ್ಲಿ ಇದನ್ನು ಜಗತ್ತಿಗೆ ಬರೆದು ತಿಳಿಸಿದರು: ಈ ಗುಳಿಗಳು ನಾದಕ್ಕಾಗಿ ಬಾರಿಸಿದ್ದರಿಂದ ಆದವು ಎಂದು. ಅಲ್ಲಿಯೂ ಪ್ರಶ್ನೆ ಇದೇ ಜಾತಿಯದು. ದನಿ ಬರುತ್ತದೆ ಎಂಬುದು ಒಂದು, ದನಿಗಾಗಿಯೇ ಹೊಡೆದರು ಎಂಬುದು ಇನ್ನೊಂದು. ಆದರೆ ಅಲ್ಲಿ ಒಂದು ಅನುಕೂಲವಿದೆ. ಬಂಡೆಗೆ ಕತ್ತೆಕಿರುಬ ಬಾಯಿ ಹಾಕುವುದಿಲ್ಲ. ಗುಳಿ ಮಾಡಿದ್ದು ಮನುಷ್ಯನ ಕೈ ಎಂಬಲ್ಲಿಂದ ಮಾತು ಶುರುಮಾಡಬಹುದು. ಆ ಗುಡ್ಡಕ್ಕೆ ಕಲ್ಲು ಗಣಿಗಾರಿಕೆಯ ಕಾಟ ಇದ್ದದ್ದು ಬೇರೆ ಕಥೆ. ಇಲ್ಲಿ ಅಂಗೈಯಗಲದ ಎಲುಬಿಗೆ ಗಾಜಿನ ಪೆಟ್ಟಿಗೆ, ಕಾವಲು.

ಐದನೇ ದಿನ: ಮಳೆ

ಇಡೀ ದಿನ ಮಳೆ, ಇಡೀ ದಿನ ಕಾರು. ಟನಲಿನೊಳಗೆ ಮಾತ್ರ ವೈಪರಿಗೆ ಬಿಡುವು. ಬರೆಯುವಂಥದ್ದು ಒಂದೇ. ಸಾಲ್ಸ್‌ಬುರ್ಗ್ ದಾಟಿದ ಮೇಲೆ ಅಪ್ಪ ಇದ್ದಕ್ಕಿದ್ದಂತೆ ಅಂದರು: "ಕೊಳಲು ಅಲ್ಲ ಅಂದ್ರೆ ಅವರಿಗೆ ಸಂಗೀತ ಇರಲಿಲ್ಲ ಅಂತಾನಾ? ನಮ್ಮೂರ ಭಜನೆಗೆ ಯಾವ ಕೊಳಲು ಇರ್ತದೆ? ಬಾಯಿ, ಚಪ್ಪಾಳೆ, ತಾಳ." ಇಸ್ರೇಲಿನ ಕೆಬಾರಾ ಗುಹೆಯಲ್ಲಿ 1983ರಲ್ಲಿ ಸಿಕ್ಕ ನಿಯಾಂಡರ್ಥಲ್ ಅಸ್ಥಿಪಂಜರದಲ್ಲಿ ನಾಲಿಗೆ ಬುಡದ ಪುಟ್ಟ ಎಲುಬೂ ಉಳಿದಿತ್ತು, ಅದು ಹೆಚ್ಚುಕಡಿಮೆ ನಮ್ಮದರ ಹಾಗೇ ಇದೆ ಎಂದು ನೆನಪಿಸಿಕೊಂಡು ಹೇಳಿದೆ. "ಅದನ್ನ ಮೊದಲು ಹೇಳಬಾರದಾ," ಅಂದರು. ಉಲ್ಮ್‌ನಲ್ಲಿ ರಾತ್ರಿ ತಂಗಿದೆವು.

ಆರನೇ ದಿನ: ಬ್ಲಾವ್‌ಬೊಯ್‌ರೆನ್

ಉಲ್ಮ್‌ನಿಂದ ಅರ್ಧ ಗಂಟೆಯೂ ಇಲ್ಲ. ಊರಿನ ಮಠದ ಹಿಂದೆ ಬ್ಲಾವ್‌ಟೋಪ್ ಎಂಬ ಒರತೆ, ಸುಣ್ಣಕಲ್ಲಿನ ಬೆಟ್ಟದ ಬುಡದಿಂದ ಉಕ್ಕುವ ನೀರು. ನೀಲಿ ಅಂದರೆ ಬಟ್ಟೆಗೆ ಹಾಕುವ ನೀಲಿಯ ನೀಲಿ. ಅಪ್ಪ ಕೈ ಅದ್ದಿ, ಬಣ್ಣ ಹತ್ತಿತೇನೋ ಎಂದು ನೋಡಿಕೊಂಡರು.

ಈ ಬೆಟ್ಟಸಾಲಿನ ಗುಹೆಗಳು 2017ರಿಂದ ವಿಶ್ವಪರಂಪರೆಯ ತಾಣಗಳು. ಊರಿನ ಪ್ರಾಗಿತಿಹಾಸ ವಸ್ತುಸಂಗ್ರಹಾಲಯದಲ್ಲಿ, ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ನಿಕೊಲಸ್ ಕೊನಾರ್ಡ್ ತಂಡಕ್ಕೆ ಸಿಕ್ಕ ಕೊಳಲಿದೆ. ರಣಹದ್ದಿನ ರೆಕ್ಕೆಯ ಎಲುಬು. ಹನ್ನೆರಡು ಚೂರುಗಳಾಗಿ ಸಿಕ್ಕಿತ್ತು, ಜೋಡಿಸಿದರೆ 21.8 ಸೆಂಟಿಮೀಟರ್, ಐದು ತೂತು. ಸುಮಾರು 40,000 ವರ್ಷದ್ದು, ಮಾಡಿದವರು ನಮ್ಮಂಥ ಮನುಷ್ಯರೇ. ಪಕ್ಕದ ಗೈಸೆನ್‌ಕ್ಲೋಸ್ಟರ್ಲೆ ಗುಹೆಯವು ಇನ್ನೂ ಹಳೆಯವು ಇರಬಹುದು. ಅದರಲ್ಲೊಂದು ಮ್ಯಾಮತ್ ಎಂಬ ಅಳಿದುಹೋದ ಆನೆಜಾತಿಯ ದಂತದ್ದು.

ಅಪ್ಪ ರಣಹದ್ದಿನ ಕೊಳಲಿನ ಮುಂದೆ ಒಂದೇ ನಿಮಿಷ ನಿಂತರು. "ಇದು ಕೊಳಲು," ಅಂದರು, ತರಕಾರಿ ಆರಿಸಿದಷ್ಟು ಸಲೀಸಾಗಿ. ಹೇಗೆ ಅಂದೆ. ತೂತಿನ ಸುತ್ತ ಎಲುಬನ್ನು ಕೆರೆದು ತಗ್ಗು ಮಾಡಿದ್ದಾರೆ, ಬೆರಳಿನ ಮೆತ್ತೆ ಕೂತು ಗಾಳಿ ಸೋರಬಾರದು ಎಂದು. ತೂತಿನ ಪಕ್ಕದಲ್ಲಿ ಸಣ್ಣ ಸಣ್ಣ ಗೀರು, ಎಲ್ಲಿ ಕೊರೆಯಬೇಕೆಂದು ಅಳೆದು ಹಾಕಿಕೊಂಡದ್ದು. ಊದುವ ತುದಿಯಲ್ಲಿ ಕೊರೆದ ಕಚ್ಚು. "ನಾನೂ ಬಿದಿರಿನ ಮೇಲೆ ಪೆನ್ಸಿಲ್ಲಿನಲ್ಲಿ ಹಿಂಗೇ ಗೀರು ಹಾಕ್ಕೊಳ್ಳೋದು."

ದಂತದ ಕೊಳಲಿನ ಮುಂದೆ ಮಾತ್ರ ಬಹಳ ಹೊತ್ತು. ಮೂವತ್ತೊಂದು ಚೂರುಗಳಿಂದ ಕೂಡಿಸಿದ್ದು. ಹಕ್ಕಿಯ ಎಲುಬು ಹುಟ್ಟಿನಿಂದಲೇ ಟೊಳ್ಳು, ದಂತ ಹಾಗಲ್ಲ. ಗಟ್ಟಿ ದಂತವನ್ನು ಉದ್ದಕ್ಕೆ ಸೀಳಿ, ಎರಡೂ ಹೋಳಿನ ಒಳಗೆ ತೋಡಿ, ಮತ್ತೆ ಒಂದಕ್ಕೊಂದು ಕೂರಿಸಿ, ಗಾಳಿ ಬಿಡದಂತೆ ಅಂಟು ಹಾಕಬೇಕು. ಸುಲಭದ ಎಲುಬು ಕೈಗೆ ಸಿಗುವಾಗ ಇಷ್ಟು ಕಷ್ಟ ಯಾಕೆ ಪಟ್ಟ ಆ ಪುಣ್ಯಾತ್ಮ? ಅಪ್ಪನ ಕಣ್ಣಲ್ಲಿ ಅದೇ ಪ್ರಶ್ನೆಯ ಜೊತೆ ಒಂದು ನಮಸ್ಕಾರವೂ ಇತ್ತು. ಈ ಜಾಗಕ್ಕೆ ಬರುವಾಗಲೇ ಬಂದಿದ್ದರೆ ಲ್ಯೂಬ್ಲಿಯಾನಾದಲ್ಲಿ ನನ್ನ ಮೈ ಜುಮ್ಮೆನ್ನುತ್ತಿರಲಿಲ್ಲ. ಕೈ ಆಡಿದ ಕೆಲಸ ಹೇಗಿರುತ್ತದೆ ಎಂದು ಒಮ್ಮೆ ಕಣ್ಣಿಗೆ ಬಿದ್ದರೆ ಆ ಎರಡು ತೂತು ತುಂಬ ಒಂಟಿಯಾಗಿ ಕಾಣುತ್ತವೆ. ಹಾಗೆಂದು ನಿಯಾಂಡರ್ಥಲ್‌ಗೂ ಇದೇ ಕುಸುರಿ ಇರಬೇಕಿತ್ತು ಅನ್ನುವುದೂ ನ್ಯಾಯವಲ್ಲ. ಮೊದಲ ಕೊಳಲು ಮಾಡಿದವನು ಹತ್ತನೇ ಕೊಳಲಿನ ಹಾಗೆ ಮಾಡಿರುವುದಿಲ್ಲ. ಯಾರೋ ಕಚ್ಚಿ ಬಿಟ್ಟ ಎಲುಬನ್ನು ಒಲೆಯ ಪಕ್ಕ ಕೂತ ಯಾವನೋ ಎತ್ತಿಕೊಂಡು ಸುಮ್ಮನೆ ಊದಿದ್ದರೆ, ಅದಕ್ಕೆ ಯಾವ ಸ್ಕ್ಯಾನಿನಲ್ಲೂ ಗುರುತು ಸಿಗುವುದಿಲ್ಲ. ನನ್ನ ಮನಸ್ಸು ಈಗ ಹೆಚ್ಚು ವಾಲುವುದು ಹಲ್ಲಿನ ಕಡೆಗೆ, ಆದರೆ ಈ ಊದಿದವನನ್ನು ಬಿಡಲು ಇಷ್ಟವಿಲ್ಲ.

ಪ್ರತಿಕೃತಿಯ ಧ್ವನಿ ಕೇಳುವ ಜಾಗದಲ್ಲಿ ಅಪ್ಪ ಕಣ್ಣು ಮುಚ್ಚಿ ನಿಂತರು. "ಮೋಹನ," ಅಂದರು. ಎರಡು ಕ್ಷಣ ಬಿಟ್ಟು ತಾವೇ ನಕ್ಕರು. "ನೋಡು, ಆ ಕೆನಡಾದವನಿಗೆ ಅವರ ಸ್ವರ ಕೇಳಿಸ್ತು, ನನಗೆ ಮೋಹನ ಕೇಳಿಸ್ತು."

ಮನೆಗೆ ಬಂದಾಗ ಸಂಜೆ ಏಳು. ಅಮ್ಮ ಬಾಗಿಲಲ್ಲೇ ಕೇಳಿದರು, "ಏನಾತ್ರೀ? ಕೊಳಲೋ, ಅಲ್ಲೋ?"

ಅಪ್ಪ ಚಪ್ಪಲಿ ಬಿಡುತ್ತ, "ಒಂದು ಕರಡಿಮರಿ ಸತ್ತಿತ್ತು, ಅದು ಮಾತ್ರ ಗ್ಯಾರಂಟಿ. ಚಹಾ ಮಾಡು," ಅಂದರು.